ನೀರು ನಿಲ್ಲಿಸುವ ಜಾಗ

ಬಂದೆಯಾ? ಆ ಕುರ್ಚಿಯ ಮೇಲಿನ ಬಟ್ಟೆ ಆಚೆ ಸರಿಸಿ ಕೂತುಕೋ. ಸೊಸೆ ಹೊಲಿಯಲು ತಂದದ್ದು, ಸೂಜಿ ಗೀಜಿ ಇರುತ್ತದೆ, ನೋಡಿಕೊಂಡು ಕೂರು. ಟೀ ಆಮೇಲೆ. ನಮ್ಮ ನಡುವಿನವನ ಕಥೆ ಅರ್ಧಕ್ಕೆ ನಿಂತಿತ್ತಲ್ಲ, ಅದನ್ನು ಮೊದಲು ಮುಗಿಸಿಬಿಡುತ್ತೇನೆ. ಇಲ್ಲದಿದ್ದರೆ ಎಲ್ಲಿಗೆ ಬಿಟ್ಟಿದ್ದೆ ಅನ್ನುವುದೇ ನನಗೆ ಮರೆತುಹೋಗುತ್ತದೆ.

ನಡುವಿನ ಮಗ ಮಿಲಿಟರಿಯಲ್ಲಿದ್ದ ಅಂದರೆ ಜನರೆಲ್ಲ ಬಂದೂಕು ಅಂದುಕೊಳ್ಳುತ್ತಾರೆ. ಅವನು ಬಂದೂಕು ಹಿಡಿದದ್ದಕ್ಕಿಂತ ಪೈಪು ಹಿಡಿದದ್ದೇ ಜಾಸ್ತಿ. ಬಟಾಬಯಲಲ್ಲಿ ಕ್ಯಾಂಪು ಏಳಬೇಕೆಂದರೆ ಅಲ್ಲಿಗೆ ನೀರು ತರಬೇಕು, ಪಂಪು ಕೂರಿಸಬೇಕು, ಕೊಳಚೆ ಹೋಗಲು ದಾರಿ ಮಾಡಬೇಕು, ಜನರೇಟರು ಮುನಿಸಿಕೊಂಡರೆ ಅದರ ಹೊಟ್ಟೆಯೊಳಗೆ ಕೈ ಹಾಕಬೇಕು. ಅದೆಲ್ಲ ಅವನ ಪಾಲಿನ ಕೆಲಸ. ಅವರಪ್ಪ ಒಂದು ಮೊಳೆ ಹೊಡೆಯಲು ಹೋಗಿ ಅರ್ಧ ಗೋಡೆಯ ಗಾರೆ ಉದುರಿಸಿದ ಮನುಷ್ಯ. ಈ ಕೈ ಇವನಿಗೆ ಎಲ್ಲಿಂದ ಬಂತೋ ದೇವರಿಗೇ ಗೊತ್ತು.

ಸರ್ವಿಸ್ ಮುಗಿಸಿ ಒಂದು ಟ್ರಂಕು, ಒಂದು ಹತಾರದ ಪೆಟ್ಟಿಗೆ ಹಿಡಿದು ಮನೆಗೆ ಬಂದ. ಕೆಲಸ ಕೇಳಿಕೊಂಡು ಕಟ್ಟಡದ ಕಂಪನಿ, ಆಸ್ಪತ್ರೆ, ಕಾರ್ಖಾನೆ ಎಲ್ಲ ಸುತ್ತಿದ. ಹೋದಲ್ಲೆಲ್ಲ ಒಂದೇ ಪ್ರಶ್ನೆ, ಏನು ಕೆಲಸ ಮಾಡುತ್ತಿದ್ದೆ ಅಂತ. ಇವನು ಬೆನ್ನು ನೆಟ್ಟಗೆ ಮಾಡಿ ಕೂತು, ಇಂಥ ಯೂನಿಟ್ಟು, ಇಂಥ ಟ್ರೇಡು, ಇಂಥ ಕ್ಲಾಸು ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. ಎದುರಿಗೆ ಕೂತವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಅವನ ಎದೆ, ಭುಜ, ಮೀಸೆ ನೋಡಿ, "ಸೆಕ್ಯುರಿಟಿಗೆ ಆದ್ರೆ ನಾಳೆನೇ ಬನ್ನಿ" ಅನ್ನುತ್ತಿದ್ದರು.

ಸೊಸೆಯ ತಮ್ಮನೊಬ್ಬನಿದ್ದಾನೆ, ಬಾಯಿಗೆ ಬೀಗವಿಲ್ಲದವನು. ಅವನೂ ಅದೇ ರಾಗ ಎಳೆದ. "ಭಾವ, ಮೀಸೆ ಇದೆ, ಬೂಟಿದೆ, ಸೆಲ್ಯೂಟ್ ಹೊಡೆಯೋಕೆ ಬರುತ್ತೆ. ಗೇಟಿಗೆ ಇನ್ನೇನು ಬೇಕು?"

"ಗೇಟಿಗೆ ಮನಸ್ಸೂ ಬೇಕು ಮಾರಾಯ," ಅಂದ ಇವನು. ನಗಲಿಲ್ಲ.

ಅವತ್ತು ಅಡುಗೆಮನೆಯ ಬಾಗಿಲಲ್ಲಿ ಕೂತು ನನ್ನ ಹತ್ತಿರ ಹೇಳಿದ, "ಗೇಟಿನ ಕೆಲಸ ಕೀಳು ಅಂತಲ್ಲಮ್ಮ. ಆದ್ರೆ ಒಂದ್ಸಲ ಅಲ್ಲಿ ನಿಂತೆ ಅಂದ್ರೆ ಈ ಕೈಗೆ ಬಂದಿರೋದೆಲ್ಲ ಮರೆತುಹೋಗುತ್ತೆ. ಆಮೇಲೆ ಯಾರೂ ಪಂಪಿನ ಹತ್ರ ಬಿಟ್ಕೊಳ್ಳಲ್ಲ." ಅವನ ಕೈ ನೋಡಿದೆ. ಬೆರಳಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಇನ್ನೂ ಇತ್ತು.

ದಾರಿ ತೋರಿಸಿದವಳು ಸೊಸೆ. ಅವಳು ಹೊಲಿಗೆ ಮೆಷಿನ್ ತುಳಿಯುತ್ತಲೇ ಮಾತಾಡುವವಳು, ತಲೆ ಎತ್ತುವುದಿಲ್ಲ. "ರೀ, ಅವರ ಹತ್ರ ಟ್ರೇಡು ಕ್ಲಾಸು ಅನ್ಬೇಡಿ. ನಿಮ್ಮ ಕ್ಯಾಂಪಲ್ಲಿ ಎಷ್ಟು ಜನ ಇರ್ತಿದ್ರು?"

"ಒಂದು ಸಣ್ಣ ಊರಷ್ಟು."

"ಹಾಗಿದ್ರೆ ಅದನ್ನೇ ಹೇಳಿ. ಒಂದು ಸಣ್ಣ ಊರಿಗೆ ನೀರು, ಕರೆಂಟು, ಚರಂಡಿ ನಾನು ನೋಡ್ಕೋತಿದ್ದೆ ಅಂತ."

"ಅಷ್ಟೇನಾ?"

"ಅಷ್ಟೇ ಸಾಕು. ಉಳಿದಿದ್ದು ಅವರು ಕೇಳ್ತಾರೆ."

ಹಾಗೆ ಹೇಳಿದ್ದಕ್ಕೇ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ಮೇಂಟೆನೆನ್ಸ್ ಕೆಲಸ ಸಿಕ್ಕಿತು. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಇರುವ ಹಾಸ್ಟೆಲ್ಲು. ಹಳೆಯ ಕಟ್ಟಡ, ಮೇಲೆ ಮೇಲೆ ಮಹಡಿ ಏರಿಸಿದ್ದಾರೆ. ಕೆಳಗೆ ನೆಲಮಾಳಿಗೆಯಲ್ಲಿ ಸಂಪು, ತಾರಸಿಯ ಮೇಲೆ ಟ್ಯಾಂಕು, ನಡುವೆ ಯಾವ ಪೈಪು ಎಲ್ಲಿಗೆ ಹೋಗುತ್ತದೆಂದು ಅದನ್ನು ಹಾಕಿದವರಿಗೂ ನೆನಪಿರಲಿಕ್ಕಿಲ್ಲ. ಅಲ್ಲಿನ ವಾರ್ಡನ್ ಸೊಂಟದಲ್ಲಿ ಬೀಗದ ಕೈಗೊಂಚಲು ಸಿಕ್ಕಿಸಿಕೊಂಡು ಓಡಾಡುವ ಹೆಂಗಸು. ಮೊದಲ ದಿನವೇ ಹೇಳಿಬಿಟ್ಟರು, "ಸ್ವಲ್ಪ ದಿನ ನೋಡ್ತೀನಿ. ಹೊಂದ್ಕೊಂಡ್ರೆ ಇರಿ. ಇಲ್ಲಾಂದ್ರೆ ಗೇಟಲ್ಲಿ ಜಾಗ ಖಾಲಿ ಇದೆ."

ಎಲ್ಲಿ ಹೋದರೂ ಆ ಗೇಟು ಇವನ ಬೆನ್ನು ಬಿಡಲಿಲ್ಲ ನೋಡು.

ಇವನು ಎಡವಿದ್ದು ಟ್ಯಾಂಕು ತೊಳೆಯುವಾಗ. ಕ್ಯಾಂಪಿನಲ್ಲಿ ಸಂಜೆ ಎಲ್ಲರೂ ಸಾಲಾಗಿ ನಿಂತಾಗ ಆರ್ಡರ್ ಓದುತ್ತಾರಂತೆ, ನಾಳೆ ಬೆಳಿಗ್ಗೆ ನೀರು ಇಲ್ಲ ಅಂತ. ಮುಗಿಯಿತು. ಯಾಕೆ ಏನು ಅಂತ ಯಾರೂ ಕೇಳುವುದಿಲ್ಲ, ತಮ್ಮ ತಮ್ಮ ಬಾಟಲಿ ತುಂಬಿಸಿಕೊಂಡು ಮಲಗುತ್ತಾರೆ. ಇವನು ಅದೇ ಲೆಕ್ಕದಲ್ಲಿ ಊಟದ ಹಾಲಿನ ಬೋರ್ಡಿಗೆ ಚಂದದ ಅಕ್ಷರದಲ್ಲಿ ನೋಟಿಸ್ ಅಂಟಿಸಿದ, ಮಾರನೆಯ ಬೆಳಿಗ್ಗೆ ಮೇನ್ ವಾಲ್ವ್ ತಿರುಗಿಸಿ ತಾರಸಿಗೆ ಹತ್ತಿದ. ಹಿಂದಿನ ವಾರ್ಡನ್ ಕಾಲದಲ್ಲಿ ಕಳೆದುಹೋದ ಕೊಡೆಯ ಚೀಟಿ ಇನ್ನೂ ಅದೇ ಬೋರ್ಡಿನಲ್ಲಿ ನೇತಾಡುತ್ತಿತ್ತು. ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇವನಿಗೆ ಹೊಳೆಯಲಿಲ್ಲ.

ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತು. ಆಸ್ಪತ್ರೆಯ ನರ್ಸ್ ಒಬ್ಬಳು ತಲೆಗೆ ಟವೆಲ್ ಸುತ್ತಿಕೊಂಡು, ಕಣ್ಣು ಮುಚ್ಚಿಕೊಂಡೇ ಗೋಡೆ ತಡವುತ್ತ ತಾರಸಿಯ ಮೆಟ್ಟಿಲವರೆಗೆ ಬಂದಳು.

"ಯಾರ್ರೀ ನೀರು ನಿಲ್ಲಿಸಿದ್ದು?"

"ನಾನೇ. ನೋಟಿಸ್ ಹಾಕಿದ್ದೆ."

"ಕಣ್ಣು ತುಂಬ ಸೋಪಿದೆ. ಈಗ ಹೋಗಿ ಓದ್ಲಾ?"

ಟ್ಯಾಂಕಿನೊಳಗೆ ಮೊಣಕಾಲಿನವರೆಗೆ ಕೆಸರಲ್ಲಿ ನಿಂತಿದ್ದವನು ಅಲ್ಲೇ ಅಟೆನ್ಷನ್‌ನಲ್ಲಿ ನಿಂತುಕೊಂಡನಂತೆ. ಮಿಲಿಟರಿಯವರಿಗೆ ಬೈಗುಳ ಬಿದ್ದಾಗ ಕೈಕಾಲು ತಾವೇ ನೆಟ್ಟಗಾಗುತ್ತವೆ.

ವಾರ್ಡನ್ ಹೆಚ್ಚು ಕೂಗಾಡಲಿಲ್ಲ. "ಇದು ಕ್ಯಾಂಪಲ್ಲ ಕಣ್ರೀ. ಸೋಮವಾರದಿಂದ ಗೇಟಿಗೆ ಬನ್ನಿ," ಅಂದರು, ಅಷ್ಟೇ.

ಮನೆಗೆ ಬಂದು ತಟ್ಟೆ ಪಕ್ಕಕ್ಕೆ ಸರಿಸಿ, ಗೇಟಿಗೆ ಹಾಕಿದರು ಅಂದ. ಸೊಸೆ ಮೆಷಿನ್ ನಿಲ್ಲಿಸಿದಳು. ಅವಳು ಮೆಷಿನ್ ನಿಲ್ಲಿಸಿದಳು ಅಂದರೆ ವಿಷಯ ಗಂಭೀರ ಅಂತ ತಿಳಿದುಕೋ.

"ಕ್ಯಾಂಪಿಗೆ ಹೊಸಬರು ಬಂದ್ರೆ ಮೊದಲು ಏನ್ ಮಾಡ್ತಿದ್ರಿ?"

"ಬಾವಿಯಿಂದ ನಲ್ಲಿವರೆಗೆ ನಡೆಸ್ಕೊಂಡು ಹೋಗ್ತಿದ್ವಿ. ನೀರು ಎಲ್ಲಿಂದ ಬರುತ್ತೆ, ಎಲ್ಲಿ ನಿಲ್ಲಿಸ್ಬೇಕು ಅಂತ ತೋರಿಸ್ತಿದ್ವಿ. ಅವರ ಕೈಯಿಂದಲೇ ವಾಲ್ವ್ ಒಂದ್ಸಲ ಮುಚ್ಚಿಸ್ತಿದ್ವಿ. ಅಡುಗೆಯವನಾದ್ರೂ ಅಷ್ಟೇ, ಆಫೀಸರಾದ್ರೂ ಅಷ್ಟೇ."

"ಯಾಕೆ? ನೀವಿರ್ತಿದ್ರಲ್ಲ."

"ನಾಳೆ ಇನ್ನೊಂದು ಕಡೆಗೆ ಹಾಕ್ತಾರೆ. ನಾನು ಹೋಗ್ಬಹುದು, ನೀರು ನನ್ನ ಜೊತೆ ಬರಲ್ಲವಲ್ಲ."

"ಈ ಹುಡುಗೀರಿಗೆ ತೋರಿಸಿದ್ರಾ?"

"ಅವರೆಲ್ಲ ಓಡಾಡೋರು. ಯಾರು ಬರ್ತಾರೆ?"

"ಕರೆದ್ರಾ?"

ಕರೆದಿರಲಿಲ್ಲ.

ಭಾನುವಾರ, ಗೇಟಿಗೆ ಹೋಗುವ ಮುಂಚಿನ ದಿನ, ಹಾಸ್ಟೆಲಿನ ಅಡುಗೆಯಮ್ಮನನ್ನು ಮುಂದಿಟ್ಟುಕೊಂಡು ಬಾಗಿಲು ಬಾಗಿಲಿಗೂ ಹೋಗಿ ಕರೆದ. ಒಂದೊಂದು ಮಹಡಿಯಿಂದ ಒಬ್ಬೊಬ್ಬರಾದರೂ ಬನ್ನಿ ಅಂತ. ಮೊದಲು ಹೊರಟವಳು ಆ ಸೋಪಿನ ನರ್ಸೇ. ಜಗಳ ಬಾಕಿಯಿತ್ತಲ್ಲ, ಅದಕ್ಕೆ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬಾಚಣಿಗೆ ತಲೆಯಲ್ಲೇ ಸಿಕ್ಕಿಸಿಕೊಂಡು ಬಂದಳು. ನೆಲಮಾಳಿಗೆಯಿಂದ ತಾರಸಿಯವರೆಗೆ ಎಲ್ಲರನ್ನೂ ನಡೆಸಿದ. ಪ್ರತಿ ಮಹಡಿಯ ವಾಲ್ವ್, ಪಕ್ಕದ ಕರೆಂಟಿನ ಸ್ವಿಚ್ಚು, ಎಲ್ಲ ತೋರಿಸಿದ. ಮೂರನೆಯ ಮಹಡಿಯದು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಣ್ಣೆ ಬಿಟ್ಟು, ಸ್ಪ್ಯಾನರ್ ಹಾಕಿ ಅಲ್ಲಾಡಿಸಿ ಅಲ್ಲಾಡಿಸಿ ಸಡಿಲ ಮಾಡಿದ. ಅದು ಆ ಬಟ್ಟೆ ಅಂಗಡಿಯವಳ ಮಹಡಿ.

"ಅಂಕಲ್, ಮುಚ್ಚೋಕೆ ಎಡಕ್ಕಾ ಬಲಕ್ಕಾ?"

"ಡಬ್ಬಿ ಮುಚ್ಚಳ ಹೇಗೆ ಮುಚ್ತೀಯಮ್ಮ?"

"ನಮ್ಮನೇಲಿ ಅಮ್ಮ ಮುಚ್ತಾರೆ."

"ಸರಿ ಹಾಗಾದ್ರೆ. ಬಲಕ್ಕೆ. ನೀನೇ ತಿರುಗಿಸು, ನಾನು ಮುಟ್ಟಲ್ಲ."

ಅವತ್ತಿನಿಂದ ಅವನು ಅಲ್ಲಿ ಎಲ್ಲರಿಗೂ ವಾಲ್ವ್ ಅಂಕಲ್.

ಹೆಸರೇನೋ ಬಂತು, ಗೇಟು ತಪ್ಪಲಿಲ್ಲ. ಸೋಮವಾರ ಯಾರದೋ ಅಳತೆಯ ಯೂನಿಫಾರ್ಮ್ ಹಾಕಿಕೊಂಡು ನಿಂತ. ಸೊಸೆ ಹಿಂದಿನ ರಾತ್ರಿಯೇ ಅದರ ತೋಳು ಇಳಿಸಿ ಕೊಟ್ಟಿದ್ದಳು. ಬರುವವರಿಗೆ ಬಾಗಿಲು ತೆರೆಯುವುದು, ಹೋಗುವವರ ಹಿಂದೆ ಮುಚ್ಚುವುದು. ಮಧ್ಯಾಹ್ನದ ಹೊತ್ತಿಗೆ ಗೇಟಿನ ಕೀಲುಗಳಿಗೆ ಎಣ್ಣೆ ಹಾಕಿಯಾಗಿತ್ತು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ.

ಆ ವಾರದಲ್ಲೇ ಒಂದು ಬೆಳಿಗ್ಗೆ ಮೇಲಿಂದ ಕೂಗಾಟ ಕೇಳಿಸಿತು. ಮೂರನೆಯ ಮಹಡಿಯಲ್ಲಿ ಪೈಪಿನ ಜಾಯಿಂಟು ಕಿತ್ತುಕೊಂಡು ನೀರು ಮೆಟ್ಟಿಲ ಮೇಲೆ ಧೋ ಎಂದು ಇಳಿಯುತ್ತಿತ್ತು. ಇಳಿಯುವ ಜಾಗದಲ್ಲೇ ಕರೆಂಟಿನ ಬೋರ್ಡು. ಗೇಟು ಬಿಟ್ಟು ಕದಲಬಾರದು ಅಂತ ಅಪ್ಪಣೆ. ಆದರೂ ಓಡಿದ. ಎರಡನೆಯ ಮಹಡಿ ದಾಟುವಷ್ಟರಲ್ಲಿ ನೀರಿನ ಸದ್ದು ಸಣ್ಣದಾಯಿತು, ಮೂರನೆಯದಕ್ಕೆ ಕಾಲಿಡುವಾಗ ಪೂರ್ತಿ ನಿಂತೇಹೋಯಿತು. ಅಲ್ಲಿ ಬಟ್ಟೆ ಅಂಗಡಿಯವಳು ತೊಯ್ದು ತೊಪ್ಪೆಯಾಗಿ, ಎರಡೂ ಕೈಯಲ್ಲಿ ವಾಲ್ವ್ ಹಿಡಿದು ಕೂತಿದ್ದಳು.

"ಬಲಕ್ಕೇ ತಿರುಗಿಸಿದೆ ಅಂಕಲ್."

ನರ್ಸ್ ಆಗಲೇ ಆ ಮಹಡಿಯ ಕರೆಂಟು ತೆಗೆದಿದ್ದಳು. ಉಳಿದ ಮಹಡಿಗಳಲ್ಲಿ ನಲ್ಲಿ, ದೀಪ ಎಲ್ಲ ಎಂದಿನಂತೆ ನಡೆಯುತ್ತಿದ್ದವು.

ಇವನು ಯೂನಿಫಾರ್ಮಿನ ತೋಳು ಮಡಚಿ ಹೊಸ ಜಾಯಿಂಟು ಕೂರಿಸಿದ. ಕೆಲಸ ಮುಗಿದಾಗ ಮನಸ್ಸಿಗೆ ಒಂದು ತರಹದ ಖಾಲಿತನ. ನಾನಿಲ್ಲದೆಯೂ ಇವರು ನೀರು ನಿಲ್ಲಿಸಿದರು, ಇನ್ನು ನನ್ನ ಅಗತ್ಯ ಯಾರಿಗಿದೆ ಅಂದುಕೊಂಡ. ಕೈ ತೊಳೆದು, ಟೋಪಿ ಹಾಕಿಕೊಂಡು ಕೆಳಗಿಳಿಯುತ್ತಿದ್ದಾಗ ವಾರ್ಡನ್ ಅಡ್ಡ ನಿಂತರು.

"ಎಲ್ಲಿಗೆ?"

"ಗೇಟಿಗೆ ಮೇಡಂ. ಯಾರೂ ಇಲ್ಲ ಅಲ್ಲಿ."

"ನಿಮಗಿಂತ ಮುಂಚೆ ಮೇಂಟೆನೆನ್ಸ್ ನೋಡ್ತಿದ್ದವನು ಒಂದು ದಿನ ರಜ ಹಾಕಿದ್ರೆ ನಾವು ಬಕೆಟ್ ಹಿಡ್ಕೊಂಡು ಅವನ ದಾರಿ ಕಾಯ್ಬೇಕಿತ್ತು. ಯಾರಿಗೂ ಏನೂ ತೋರಿಸ್ತಿರಲಿಲ್ಲ. ತೋರಿಸಿದ್ರೆ ತನ್ನನ್ನ ಯಾರು ಕೇಳ್ತಾರೆ ಅಂತ ಅವನಿಗೆ. ಆ ಟೋಪಿ ಕೊಡಿ ಇಲ್ಲಿ. ಗೇಟಿಗೆ ಬೇರೆಯವರನ್ನ ನೋಡ್ಕೋತೀನಿ."

ಇವನು ಟೋಪಿ ಕೊಟ್ಟ.

"ಇನ್ನೊಂದು ಮಾತು," ಅಂದರು ವಾರ್ಡನ್. "ಆ ನೋಟಿಸ್ ಬೋರ್ಡಿನ ಹತ್ರ ಮಾತ್ರ ಸುಳೀಬೇಡಿ."

ಈಗ ನೀರು ನಿಲ್ಲಿಸುವುದಿದ್ದರೆ ಹಿಂದಿನ ದಿನ ಊಟದ ಹಾಲಿನಲ್ಲಿ ನಿಂತು ಬಾಯಲ್ಲೇ ಹೇಳುತ್ತಾನೆ. ಹುಡುಗಿಯರು ಹೊತ್ತು ಬದಲಾಯಿಸಿ ಅಂದರೆ ಬದಲಾಯಿಸುತ್ತಾನೆ. ಅದನ್ನು ಕಲಿಯುವುದು ಅವನಿಗೆ ಪಂಪು ಬಿಚ್ಚುವುದಕ್ಕಿಂತ ಕಷ್ಟವಾಯಿತು, ಸುಳ್ಳು ಯಾಕೆ ಹೇಳಲಿ.

ಸರಿ, ಟೀ ಕುಡಿದು ಎದ್ದೇಳು. ಇವತ್ತೂ ಟ್ಯಾಂಕು ತೊಳೆಯುವ ಗಡಿಬಿಡಿಯಲ್ಲಿ ಊಟದ ಡಬ್ಬಿ ಬಿಟ್ಟು ಹೋಗಿದ್ದಾನೆ, ಅಲ್ಲಿ ಕಿಟಕಿಯ ಮೇಲಿದೆ. ನೀನು ಹೇಗೂ ಆ ಕಡೆ ಹೋಗುವವಳು, ಕೊಟ್ಟುಬಿಡು. ಗೇಟಿನವನಿಗೆ ವಾಲ್ವ್ ಅಂಕಲ್ ಮನೆಯಿಂದ ಅಂದರೆ ಒಳಗೆ ಬಿಡುತ್ತಾನೆ. ಡಬ್ಬಿ ತೆಗೆದುಕೊಳ್ಳುವ ಮುಂಚೆ ನಿನ್ನನ್ನೂ ನೆಲಮಾಳಿಗೆಗೆ ಕರೆದು ಮೇನ್ ವಾಲ್ವ್ ತಿರುಗಿಸಲು ಹೇಳುತ್ತಾನೆ, ಬೇಡ ಅನ್ನಬೇಡ, ತಿರುಗಿಸು. ಹಾಗೇ ಬರುವಾಗ ಅವನ ಹತ್ತಿರ ಒಂದು ವಾಷರ್ ಇಸಕೊಂಡು ಬಾ. ನಮ್ಮ ಅಡುಗೆಮನೆಯ ನಲ್ಲಿ ಎಷ್ಟು ದಿನದಿಂದಲೋ ತೊಟ್ಟಿಕ್ಕುತ್ತಿದೆ, ನಾನೇ ಹಾಕಿಕೊಳ್ಳುತ್ತೇನೆ.