ಅಕ್ಕನ ಕೈಗೆ ಕೊಡದ ಕೂಸು

ನನ್ನ ಮೊಮ್ಮಗಳು ಸ್ಟೆಲ್ಲಾ ಹೆಣ್ಣು ಹೆತ್ತಿದ್ದಾಳೆ! ಹೋದ ವಾರ ಬಳ್ಳಾರಿಯ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ, ಮೊಣಕಾಲು ನೋವು ನೆನಪೇ ಆಗಲಿಲ್ಲ. ಈ ಸಂತೋಷದಲ್ಲೇ ಹೇಳಿಬಿಡುತ್ತೇನೆ— ಇದೇ ಸ್ಟೆಲ್ಲಾ ಕೂಸಾಗಿದ್ದಾಗ ನಾನು ಒಂದು ಸುಳ್ಳು ಹೇಳಿ ಒಬ್ಬಳಿಂದ ಅವಳನ್ನು ಕಸಿದುಕೊಂಡೆ. ಹೊಟ್ಟೆಕಿಚ್ಚಿನಿಂದ. ಬೇರೆ ಕಾರಣ ಇಲ್ಲ.

ಆಕೆ ಆರೋಗ್ಯಮ್ಮ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಸಿರುಗುಪ್ಪದಲ್ಲಿದ್ದಾಳೆ, ಮಕ್ಕಳಾಗಲಿಲ್ಲ. ನನ್ನ ಮಗ ಚಿನ್ನಪ್ಪ ಚಿಕ್ಕವನಿದ್ದಾಗ ನಾವೂ ಅಲ್ಲೇ ಇದ್ದೆವು. ನಾನು ಭತ್ತದ ನಾಟಿಗೆ ಹೋದರೆ ಅವನನ್ನು ಆಡಿಸುತ್ತಿದ್ದವಳು ಅವಳೇ. ಸಂಜೆ ಬಂದು ನಾನು ಕೈ ಚಾಚಿದರೆ ಅವನು ಅವಳ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ. ಹೆತ್ತವಳು ನಾನು, ಬೇಕಾದವಳು ಅವಳು... ಅವನಿಗೆ ಮೀಸೆ ಬಂದರೂ ನನ್ನ ಉರಿ ಆರಲಿಲ್ಲ.

ನಾವು ಬಳ್ಳಾರಿಗೆ ಬಂದ ಮೇಲೆ, ಅವನ ಮಗಳು ಸ್ಟೆಲ್ಲಾ ಹುಟ್ಟಿದಾಗ ಅವನೆಂದ, "ದೊಡ್ಡವ್ವನೇ ಜ್ಞಾನತಾಯಿ ಆಗ್ಬೇಕು. ನೀನ ಹೋಗಿ ಕೇಳವ್ವ." ದೀಕ್ಷಾಸ್ನಾನದ ದಿನ ಚರ್ಚಿನಲ್ಲಿ ಕೂಸನ್ನು ಎತ್ತಿ ಹಿಡಿಯುವವಳು ಜ್ಞಾನತಾಯಿ, ಸಾಯುವ ತನಕ ಅವಳು ಅದಕ್ಕೆ ಎರಡನೇ ತಾಯಿ. ಎಲೆ ಅಡಿಕೆ, ಬಾಳೆಹಣ್ಣು ಕೊಟ್ಟು ಕೇಳುವುದು ನಮ್ಮ ಮನೆಯ ಪದ್ಧತಿ. ತೆಗೆದುಕೊಂಡೇ ಹೋದೆ. ಅಕ್ಕ ಬಿಸಿ ಅನ್ನ ಬಡಿಸಿ, "ಕೂಸು ಯಾರಂಗ ಐತಿ? ನನ್ ಚಿನ್ನಪ್ಪನಂಗ ಐತೇನ?" ಎಂದಳು.

ನನ್ ಚಿನ್ನಪ್ಪ!

ಬಾಳೆಹಣ್ಣು ಕೊಟ್ಟೆ. ಎಲೆ ಅಡಿಕೆ ಚೀಲದಲ್ಲೇ ಉಳಿಯಿತು. ಮನೆಗೆ ಬಂದು ಮಗನಿಗೆ ಹೇಳಿದೆ— "ಒಲ್ಲೆ ಅಂದ್ಲಪ್ಪ. ಬ್ಯಾರೇರ ಕೂಸು ಎತ್ತಿ ಎತ್ತಿ ಸಾಕಾಗೈತಿ ಅಂದ್ಲು."

ಅವನು ಮತ್ತೆ ಸಿರುಗುಪ್ಪದ ಬಸ್ಸು ಹತ್ತಲಿಲ್ಲ. ಕುರುಗೋಡಿನ ನನ್ನ ತಂಗಿ ಕೂಸನ್ನು ಹಿಡಿದಳು. ಅಕ್ಕನನ್ನು ಕರೆಯಲೂ ಇಲ್ಲ.

ಈಗ ತಪಸ್ಸುಕಾಲ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಹಣೆಗೆ ಬೂದಿ ಹಚ್ಚುತ್ತಾ ಚರ್ಚಿನ ಗುರುಗಳು ಮಣ್ಣಿಗೆ ಮರಳುವುದನ್ನು ನೆನಪಿಸಿದರು. ನನ್ನ ವಯಸ್ಸಿಗೆ ಅದು ಬರೀ ಮಾತಲ್ಲ... ಅವರ ಬಳಿ ಪಾಪನಿವೇದನೆ ಮಾಡಿದೆ. "ದೇವರಿಗೆ ಹೇಳಿದಿರಿ. ಆ ಅಮ್ಮನಿಗೆ?" ಎಂದು ಕೇಳಿದರು.

ಇವತ್ತು ಬೆಳಿಗ್ಗೆ ಸಿರುಗುಪ್ಪಕ್ಕೆ ಹೋದೆ. ಅಕ್ಕ ತನ್ನ ಮದುವೆಯ ಬಿಳಿ ಸೀರೆಯನ್ನು ಬಿಸಿಲಿಗೆ ಹಾಕಿದ್ದಳು. "ನಾ ಸತ್ತರ ಪೆಟ್ಟಿಗ್ಯಾಗ ಮಲಗಿಸುವಾಗ ಇದನ್ನ ಉಡಿಸ್ರಿ ನನಗ. ಮುಗ್ಗು ವಾಸ್ನಿ ಹೊತ್ಕೊಂಡು ದೇವರ ಮುಂದ ಹೆಂಗ ನಿಂದರ್ಲಿ?" ಎಂದು ನಕ್ಕಳು. ನಾಚಿಕೆ ಬಿಟ್ಟು ಬರೆಯುತ್ತೇನೆ— ಅವಳ ಸಾವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅವಳು ತವರಿಗೆ ಹೊರಟವಳ ಹಾಗೆ ಇದ್ದಳು. ನಾನೋ, ಕಣ್ಣು ಮುಚ್ಚಲೂ ಹೆದರುವವಳು.

ಎಲ್ಲ ಹೇಳಿದೆ. ಸೀರೆ ಮಡಚುತ್ತಿದ್ದ ಕೈ ನಿಂತಿತು.

"ನಾ ಏನ್ ತಪ್ಪು ಮಾಡೀನಿ, ಅವ ಯಾಕ ಬರೂದು ಬಿಟ್ಟ ಅಂತ... ಶಿಲುಬಿ ಹಾದಿ ಪ್ರಾರ್ಥನಿ ಮಾಡುವಾಗೆಲ್ಲ ಅದನ್ನ ಕೇಳ್ತಿದ್ನಲ್ಲೇ ದೇವರಿಗೆ."

ಸೀರೆ ಮಡಚಿ ಮುಗಿಸಿದಳು. ಆಮೇಲೆ, "ನನಗ ಹೇಳಿದ್ರ ಏನ್ ಬಂತು? ಅವಗ ಹೇಳು. ನಾ ಇರಾಗ ಹೇಳು" ಎಂದಳು.

ಅವಳನ್ನು ಕರೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಒಂದೇ ಭಯ— ಇರುವ ಒಬ್ಬ ಮಗ ಇವತ್ತು ಪೂರ್ತಿ ಅವಳ ಪಾಲಾಗುತ್ತಾನೆ. ಅವಳನ್ನು ಕಂಡು ಚಿನ್ನಪ್ಪ ಮುಖ ತಿರುಗಿಸುವ ಮೊದಲೇ, ಹೊಸಿಲಲ್ಲೇ ನಿಂತು ಹೇಳಿದೆ: "ಆಕಿ ಒಲ್ಲೆ ಅಂದಿಲ್ಲಪ್ಪ. ನಾ ಕೇಳೇ ಇಲ್ಲ."

ಅವನು ನನ್ನನ್ನು ನೋಡಿದ... ಆ ನೋಟವನ್ನು ಬರೆಯಲು ನನಗೆ ಬಾರದು. ಆಮೇಲೆ ದೊಡ್ಡವ್ವನ ಕಾಲ ಬಳಿ ಕುಸಿದು ಕೂತ, ತಲೆ ನರೆತ ಗಂಡಸು. "ಎಷ್ಟ್ ದಪ್ಪ ಆಗೀಯೋ ಲೇ" ಎಂದಳು ಅಕ್ಕ, ಅಳುತ್ತಾ.

ಸಂಜೆ ಎಲ್ಲರೂ ಸಾಲಾಗಿ ಕೂತು ಉಂಡೆವು. ತಪಸ್ಸುಕಾಲದ ಶುಕ್ರವಾರ, ಮಾಂಸವಿಲ್ಲ— ಅನ್ನ, ಪುಂಡಿಪಲ್ಯ. ಬಾಣಂತಿ ಸ್ಟೆಲ್ಲಾ ಅಳುತ್ತಿದ್ದ ತನ್ನ ಕೂಸನ್ನು ಅಕ್ಕನ ತೊಡೆಯ ಮೇಲಿಟ್ಟಳು. ಅಳು ನಿಂತಿತು. ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು— ಇನ್ನು ಸುಳ್ಳು ಹೇಳಲಾರೆ. ಮಗ ಎಲ್ಲರಿಗೂ ಬಡಿಸಿದ, ನನ್ನನ್ನು ದಾಟಿ ಹೋದ. ನಾನೇ ಎದ್ದು ಬಡಿಸಿಕೊಂಡು, ಅಕ್ಕನ ಪಕ್ಕದಲ್ಲೇ ಕೂತು ಉಂಡೆ.