ಚುಕ್ಕಿರಾಯರ ಹಳದಿ ಬಣ್ಣ

ಚುಕ್ಕಿರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಈಗ ಪಿಂಚಣಿ ಕಾಗದಗಳಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿಲ್ಲ. ಊರಿನ ಸುತ್ತಲ ಗುಡ್ಡಗಳನ್ನು ಹತ್ತಿ ಇಳಿಯುವ ನಾಲ್ಕು ಕಾಲುದಾರಿಗಳ ಉದ್ದಕ್ಕೂ ಬಂಡೆ, ಬೇಲಿಕಂಬ, ಮರದ ಕಾಂಡಗಳ ಮೇಲೆ ಹಳದಿ ಚುಕ್ಕೆ ಇಡುವವರು ಅವರು. ಚಾರಣಕ್ಕೆ ಬಂದವರು ಆ ಚುಕ್ಕೆಗಳನ್ನೇ ನಂಬಿಕೊಂಡು ನಡೆಯುತ್ತಾರೆ. ವಾರವಿಡೀ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುತ್ತಿದ್ದ ಮನುಷ್ಯ ಭಾನುವಾರ ಬಂತೆಂದರೆ ಬಣ್ಣದ ಡಬ್ಬ, ಬ್ರಶ್ಶು, ಪಾಚಿ ಕೆರೆಯಲು ಒಂದು ತಂತಿಯ ಬ್ರಶ್ಶು ಹಿಡಿದು ಗುಡ್ಡ ಹತ್ತುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ವಾರಪೂರ್ತಿ ಭಾನುವಾರ.

ಈ ಕೆಲಸ ಅವರಿಗೆ ಬಂದದ್ದು ಮಾವನಿಂದ. ಅಳಿಯನಿಗೆ ಮಗಳನ್ನೂ ಬ್ರಶ್ಶನ್ನೂ ಒಂದೇ ವರ್ಷ ಒಪ್ಪಿಸಿದ ಆ ಹಿರಿಯರು ಮಗಳ ಬಗ್ಗೆ ಒಂದು ಮಾತೂ ಹೇಳಲಿಲ್ಲವಂತೆ. ಬ್ರಶ್ಶಿನ ಬಗ್ಗೆ ಮಾತ್ರ ಅರ್ಧ ದಿನ ಪಾಠ ಮಾಡಿದರಂತೆ. ಪಾಠದ ಸಾರ ಇಷ್ಟೆ. ಒಂದು ಚುಕ್ಕೆಯ ಪಕ್ಕ ನಿಂತು ತಲೆಯೆತ್ತಿದರೆ ಮುಂದಿನದು ಕಾಣಬೇಕು. ಕಾಣದಿದ್ದರೆ ನಡುವೆ ಇನ್ನೊಂದು ಇಡಬೇಕು. ಚುಕ್ಕೆ ಅಂಗೈಯಗಲ ಇದ್ದರೆ ಸಾಕು, ಗುಡ್ಡವೇನೂ ನಮ್ಮ ಮನೆಯ ಗೋಡೆಯಲ್ಲ.

ಮೂವತ್ತೊಂದು ವರ್ಷ ರಾಯರು ಈ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದರು. ಎಡವಟ್ಟಾದದ್ದೂ ಅದರಿಂದಲೇ.

ನಾಲ್ಕು ವರ್ಷದ ಹಿಂದೆ ಒಂಟಿಮರದ ದಾರಿಯಲ್ಲಿ ಒಂದು ಚುಕ್ಕೆಯ ಪಕ್ಕ ನಿಂತು ನೋಡಿದರೆ ಮುಂದಿನದು ಕಾಣಲಿಲ್ಲ. ಬಣ್ಣ ಮಾಸಿರಬೇಕು ಎಂದುಕೊಂಡು ನಡುವೆ ಒಂದು ಇಟ್ಟರು. ಮುಂದಿನ ವರ್ಷ ಆ ಎರಡರ ನಡುವೆ ಮತ್ತೊಂದು ಬೇಕಾಯಿತು. ಅಂಗೈಯಗಲ ಇದ್ದದ್ದು ತಟ್ಟೆಯಗಲವಾಯಿತು. ವರ್ಷಕ್ಕೆ ಒಂದು ಡಬ್ಬ ಸಾಕಾಗುತ್ತಿದ್ದ ಬಣ್ಣ ಐದು ಡಬ್ಬವಾಯಿತು. ರಾಯರು ಕಂಪನಿಯವರನ್ನು ಬಯ್ದರು, ಈಗಿನ ಬಣ್ಣದಲ್ಲಿ ಸತ್ವವೇ ಇಲ್ಲ ಎಂದರು, ಮಂಜು ಮೊದಲಿಗಿಂತ ಹೆಚ್ಚಾಗಿದೆ ಎಂದರು. ಕಣ್ಣಿನ ಡಾಕ್ಟರು ಮಾತ್ರ, ಇನ್ನು ಕನ್ನಡಕ ಬದಲಾಯಿಸಿ ಪ್ರಯೋಜನವಿಲ್ಲ, ಹೋದದ್ದು ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರು. ರಾಯರು ಆ ಮಾತನ್ನು ಆಸ್ಪತ್ರೆಯ ಮೆಟ್ಟಿಲ ಮೇಲೇ ಬಿಟ್ಟು ಮನೆಗೆ ಬಂದಿದ್ದರು.

ಮನೆಯಲ್ಲಿ ಹೆಂಡತಿಗೆ ಗೊತ್ತಿರಲಿಲ್ಲ ಎಂದು ಅವರ ಲೆಕ್ಕ. ಗಂಡಸರ ಇಂಥ ಲೆಕ್ಕ ಯಾವತ್ತು ಸರಿಹೋಗಿದೆ? ಆಕೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನವರ ಬಟ್ಟೆ ಹೊಲಿಯುವಾಕೆ. ಹತ್ತು ಹನ್ನೆರಡು ವರ್ಷದಿಂದ ಸಂಜೆ ಹೊತ್ತು ಮರುದಿನದ ಸೂಜಿಗಳಿಗೆಲ್ಲ ದಾರ ಪೋಣಿಸಿಕೊಡುವುದು ರಾಯರ ಕೆಲಸವಾಗಿತ್ತು. ಅವರು ದಾರದ ತುದಿಯನ್ನು ನಾಲ್ಕು ಸಲ ನಾಲಿಗೆಗೆ ತಾಗಿಸಿ, ಐದು ಸಲ ಗುರಿ ತಪ್ಪಿ, "ಈ ಸೂಜಿಗೆ ತೂತೇ ಇಲ್ಲ ಕಣೇ" ಎಂದ ದಿನವೇ ಆಕೆಗೆ ವಿಷಯ ಅರ್ಥವಾಗಿತ್ತು. ಮಾರನೆಯ ದಿನ ಆಕೆ ದಾರ ಪೋಣಿಸುವ ಪುಟ್ಟ ತಂತಿಯೊಂದನ್ನು ತಂದಿಟ್ಟುಕೊಂಡರು. ರಾಯರು ಕೇಳಿದ್ದಕ್ಕೆ, "ನಿಮಗ್ಯಾಕೆ ದಿನಾ ತೊಂದರೆ" ಎಂದರು.

ಹಾಗೆ ನೋಡಿದರೆ ಆಕೆಯ ಕಣ್ಣೂ ಅಷ್ಟಕ್ಕಷ್ಟೇ. ಒಂಬತ್ತು ವರ್ಷದ ಹಿಂದೆ, ಹಾಡಹಗಲಲ್ಲಿ, ಸ್ವಂತ ಅಪ್ಪ ಗುರುತು ಹಾಕಿದ ಒಂಟಿಮರದ ದಾರಿಯಲ್ಲೇ ಒಂದು ಗಂಟೆ ದಿಕ್ಕುತಪ್ಪಿ ಅಲೆದಿದ್ದರು. ಅವತ್ತಿನಿಂದ ಗುಡ್ಡದ ಕಡೆ ತಲೆ ಹಾಕಿಲ್ಲ. ಮಂಡಿನೋವು ಎಂದು ಎಲ್ಲರಿಗೂ ಹೇಳುತ್ತಾರೆ. ಮಂಡಿಗೆ ಏನೂ ಆಗಿಲ್ಲ, ನೋವಾಗಿದ್ದು ಮನಸ್ಸಿಗೆ.

ಈ ವರ್ಷ, ಕಾಲುದಾರಿಗಳ ಉಸ್ತುವಾರಿ ನೋಡುವ ಊರಿನ ದಾರಿ ಸಮಿತಿಗೆ ಚಾರಣಿಗರಿಂದ ದೂರು ಬಂತು. ಸಮಿತಿಯ ಕಾರ್ಯದರ್ಶಿ ಔಷಧಿ ಅಂಗಡಿಯಾಕೆ. ನಲವತ್ತು ದಾಟಿದ, ಮಾತು ನೇರವಾದರೂ ಮನಸ್ಸು ಮೆತ್ತಗಿನ ಹೆಂಗಸು. ಹೊಲಿಯಲು ಕೊಟ್ಟಿದ್ದ ಬಟ್ಟೆ ಒಯ್ಯುವ ನೆಪದಲ್ಲಿ ಬಂದು ಕೂತರು.

"ರಾಯರೇ, ಗುಡ್ಡಕ್ಕೆಲ್ಲ ಸಿಡುಬು ಎದ್ದ ಹಾಗಿದೆ ಅಂತಾರೆ ಜನ. ಹತ್ತು ಹೆಜ್ಜೆಗೊಂದು ಚುಕ್ಕೆ. ಏನು ವಿಷಯ?"

"ನಿಯಮ ನಿಯಮಾನೇ ಅಮ್ಮ. ಇಲ್ಲಿ ನಿಂತ್ರೆ ಅಲ್ಲೀದು ಕಾಣ್ಬೇಕು."

"ಕಾಣುತ್ತೆ, ಒಟ್ಟಿಗೆ ಆರು ಕಾಣುತ್ತೆ! ಭಾನುವಾರ ಬೆಳಿಗ್ಗೆ ಇಬ್ಬರೂ ಒಂಟಿಮರದ ದಾರೀಲಿ ಹೋಗಿ ನೋಡೋಣ. ಸಮಿತಿಗೆ ನಾನು ಉತ್ತರ ಹೇಳ್ಬೇಕಲ್ಲ."

ರಾಯರಿಗೆ ಚಿಂತೆ ಹತ್ತಿತು. ಕಣ್ಣು ಕಾಣದವನ ಕೈಗೆ ದಾರಿಯ ಗುರುತು ಯಾರು ಬಿಟ್ಟಾರು? ಬ್ರಶ್ಶು ಹೋದರೆ ಬೆಳಿಗ್ಗೆ ಎದ್ದು ತಾನು ಹೋಗುವುದಾದರೂ ಎಲ್ಲಿಗೆ? ಸಮಿತಿಯ ಕೆಲಸಕ್ಕೆ ಸಂಬಳವೇನೂ ಇರಲಿಲ್ಲ. ಆದರೆ ಬೆಳಗಾದರೆ ಗುಡ್ಡಕ್ಕೆ ತಾನು ಬೇಕು ಎಂಬ ಒಂದು ಧೈರ್ಯ ಇತ್ತು, ಅದೇ ಅವರ ಜೀವ. ಶನಿವಾರವಿಡೀ ಒಂಟಿಮರದ ದಾರಿಯನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿದರು. ಇಂಥ ಬಂಡೆಯಿಂದ ಬಲಕ್ಕೆ, ಇಂಥ ತಿರುವಿನಲ್ಲಿ ಗೇಟಿನ ಮೇಲೆ. ಪರೀಕ್ಷೆಗೆ ಕೂರುವ ಹುಡುಗರಿಗೂ ಅಷ್ಟು ಭಯ ಇರಲಿಕ್ಕಿಲ್ಲ.

ಭಾನುವಾರ ರಾಯರು ಎಂದಿನಂತೆ ಡಬ್ಬ, ಬ್ರಶ್ಶು ಹಿಡಿದೇ ಹೊರಟರು. ಮೊದಲರ್ಧ ಚೆನ್ನಾಗಿಯೇ ಸಾಗಿತು. ಹುಲ್ಲು ಗಾಳಿಗೆ ಬಾಗುತ್ತಿತ್ತು, ಕೆಳಗೆ ಊರಿನ ಹೆಂಚುಗಳು ಬಿಸಿಲಿಗೆ ಮೈಯೊಡ್ಡಿದ್ದವು. ಆಕೆ ಕೇಳಿದ ಕಡೆಯೆಲ್ಲ ರಾಯರು ಬೆರಳು ತೋರಿಸಿದರು, ಒಂದೂ ತಪ್ಪಲಿಲ್ಲ. ಒಂಟಿಮರದ ಹತ್ತಿರ ಬರುವಷ್ಟರಲ್ಲಿ ಸ್ವಲ್ಪ ಬೀಗಲು ಕೂಡ ಶುರುಮಾಡಿದ್ದರು.

"ಇಲ್ಲಿಂದ ಮುಂದಿನದು?" ಎಂದು ಕೇಳಿದರು ಔಷಧಿ ಅಂಗಡಿಯಾಕೆ.

"ಅಗೋ, ಆ ಬೇಲಿಕಂಬದ ಮೇಲೆ. ಸೂರ್ಯನ ಹಾಗೆ ಹೊಳೀತಿದೆಯಲ್ಲ!"

ಆಕೆ ಆ ಕಡೆ ನೋಡಿದರು, ಮತ್ತೆ ರಾಯರ ಮುಖ ನೋಡಿದರು. "ರಾಯರೇ, ಅಲ್ಲಿ ಕಂಬಾನೇ ಇಲ್ಲ. ಕುರಿಯವನು ಹೋದ ವಾರ ಬೇಲಿ ಕಿತ್ತು ಆಚೆ ಹಾಕ್ಕೊಂಡಿದಾನೆ."

ರಾಯರ ಎತ್ತಿದ ಬೆರಳು ಎತ್ತಿದ ಹಾಗೇ ಉಳಿಯಿತು. ಆಮೇಲೆ ಅದನ್ನು ನಿಧಾನವಾಗಿ ಇಳಿಸಿ, ಮರದ ಬುಡದಲ್ಲಿ ಕೂತುಬಿಟ್ಟರು. ಆಕೆ ಪಕ್ಕದಲ್ಲೇ ಕೂತು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ಟೀ ಕುಡಿದು ಮುಗಿಸಿ ರಾಯರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಡಾಕ್ಟರು ಹೇಳಿದ್ದನ್ನೂ ಹೇಳಿದರು.

"ನನಗೂ ಸಂಕಟ ಆಗುತ್ತೆ ರಾಯರೇ," ಎಂದರು ಆಕೆ. "ಆದ್ರೆ ಹೊಸಬರು ನಿಮ್ಮನ್ನ ನಂಬಿ ನಡೀತಾರೆ. ಬ್ರಶ್ಶು ಬೇರೆಯವರಿಗೆ ಕೊಡಲೇಬೇಕಾಗುತ್ತೆ."

ರಾಯರು ತಲೆಯಾಡಿಸಿದರು. ಬ್ರಶ್ಶನ್ನು ಪಂಚೆಯ ಅಂಚಿಗೆ ಒರೆಸಿ, ಇಬ್ಬರ ನಡುವೆ ಹುಲ್ಲಿನ ಮೇಲಿಟ್ಟರು. ಅದನ್ನು ಎತ್ತಿಕೊಳ್ಳಲು ಆಕೆಗೂ ಕೈ ಬರಲಿಲ್ಲ.

ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಯಾರೋ ಹತ್ತಿ ಬರುವುದು ಆಕೆಗೆ ಕಾಣಿಸಿತು. ಒಂದು ಬಂಡೆಯ ಹತ್ತಿರ ನಿಲ್ಲುವುದು, ತಲೆಯೆತ್ತಿ ಹುಡುಕುವುದು, ಮತ್ತೆ ನಡೆಯುವುದು. ಹತ್ತಿರ ಬಂದ ಮೇಲೆ ನೋಡಿದರೆ ರಾಯರ ಹೆಂಡತಿ! ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಏದುಸಿರು ಬಿಡುತ್ತಾ ಔಷಧಿ ಅಂಗಡಿಯಾಕೆಯ ಎದುರು ನಿಂತರು.

"ನೋಡಮ್ಮ, ಇವರು ಸುಳ್ಳು ಹೇಳ್ತಾರೆ ಅಂತ ಗೊತ್ತಿತ್ತು, ಅದಕ್ಕೇ ಓಡಿ ಬಂದೆ. ಇವರಿಗೆ ದೂರದ್ದು ಏನೂ ಕಾಣಲ್ಲ. ಬಯ್ಯೋದಾದ್ರೆ ನನ್ನನ್ನೂ ಬಯ್ಯಿ, ಗೊತ್ತಿದ್ದೂ ನಾನು ಸುಮ್ಮನಿದ್ದೆ."

"ಅವರೇ ಎಲ್ಲಾ ಹೇಳಿದ್ರು ಅಕ್ಕ," ಎಂದ ಆಕೆ ಥಟ್ಟನೆ ಎದ್ದು ನಿಂತರು. "ಅದಿರ್ಲಿ, ನೀವು ಒಬ್ಬರೇ ಹೇಗೆ ಬಂದ್ರಿ? ನಿಮಗೂ ಕಣ್ಣು ಮಂಜು ಅಲ್ವಾ? ಡ್ರಾಪ್ಸ್ ಒಯ್ಯೋದು ನಮ್ಮ ಅಂಗಡಿಯಿಂದಾನೇ."

"ಹೇಗೆ ಅಂದ್ರೆ? ಚುಕ್ಕೆ ನೋಡ್ಕೊಂಡು!" ಎಂದ ಮೇಲೆಯೇ ತಾನು ಏನು ಹೇಳಿದೆ ಎಂದು ರಾಯರ ಹೆಂಡತಿಗೆ ಹೊಳೆದದ್ದು. ಸುತ್ತ ನೋಡಿದರು. ಅಪ್ಪನ ಮರ. ಸಣ್ಣವಳಿದ್ದಾಗ ಅಪ್ಪ ಕೂರಿಸುತ್ತಿದ್ದ ಬಾಗಿದ ಕೊಂಬೆ. ಆಕೆ ಕಾಂಡದ ಮೇಲೆ ಅಂಗೈ ಊರಿ ಗೊಳೋ ಎಂದು ಅತ್ತುಬಿಟ್ಟರು. ರಾಯರಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಬಣ್ಣ ಒರೆಸುವ ಬಟ್ಟೆ ಕೊಟ್ಟರು, ಆಕೆ ಅದರಲ್ಲೇ ಮೂಗು ಒರೆಸಿ ಮುಖವೆಲ್ಲ ಹಳದಿ ಮಾಡಿಕೊಂಡರು.

ಔಷಧಿ ಅಂಗಡಿಯಾಕೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡರು. "ಮೂರು ದಾರಿ ಬೇರೆಯವರಿಗೆ ಕೊಡ್ತೀನಿ ರಾಯರೇ. ಅದರಲ್ಲಿ ಮಾತಿಲ್ಲ. ಇದೊಂದು ನಿಮ್ಮ ಹತ್ರಾನೇ ಇರ್ಲಿ. ಊರಲ್ಲಿ ಅರ್ಧ ಜನಕ್ಕೆ ಡ್ರಾಪ್ಸ್ ಮಾರೋಳು ನಾನು. ಅವರೂ ಒಂದ್ಸಲ ಇಲ್ಲೀವರೆಗೆ ಬಂದು ಹೋಗ್ಲಿ." ಅಷ್ಟು ಹೇಳಿ ಹುಲ್ಲಿನ ಮೇಲಿದ್ದ ಬ್ರಶ್ಶನ್ನು ಎತ್ತಿ ರಾಯರ ಕೈಗಿಟ್ಟು, ಸರಸರನೆ ಗುಡ್ಡ ಇಳಿದರು.

ಮೂರು ದಾರಿ ಹೋದದ್ದಕ್ಕೆ ರಾಯರಿಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಸ್ವಲ್ಪ ಹೊತ್ತು ಬ್ರಶ್ಶಿನ ಕೂದಲು ಸವರುತ್ತಾ ನಿಂತಿದ್ದರು.

"ಮೇಲಿನವರೆಗೂ ಹೋಗೋಣ ಕಣ್ರೀ," ಎಂದರು ಹೆಂಡತಿ.

"ಮುಂದಿನದು ಕಾಣ್ತಾ?"

"ಇಲ್ಲ. ನಿಮಗೆ?"

"ನನಗೂ ಇಲ್ಲ. ಕಂಬಾನೇ ಕಿತ್ಕೊಂಡು ಹೋಗಿದಾನಂತೆ."

ರಾಯರು ಹೆಂಡತಿಯನ್ನು ಮರದ ಚುಕ್ಕೆಯ ಪಕ್ಕ ನಿಲ್ಲಿಸಿ, ಡಬ್ಬ ಹಿಡಿದು ಮೇಲಕ್ಕೆ ಹೊರಟರು. ಹತ್ತು ಹೆಜ್ಜೆ, ಹದಿನೈದು ಹೆಜ್ಜೆ. ಕಾಲಿಗೆ ಒಂದು ಚಪ್ಪಟೆ ಕಲ್ಲು ಸಿಕ್ಕಿತು.

"ಸಾಕು, ಅಲ್ಲೇ ನಿಲ್ರೀ," ಎಂದು ಹಿಂದಿನಿಂದ ಕೂಗು ಬಂತು. "ಅಲ್ಲೀತನಕ ಕಾಣ್ತಿದೀರಿ."

ರಾಯರು ಕುಕ್ಕರಗಾಲಲ್ಲಿ ಕೂತು ಡಬ್ಬದ ಮುಚ್ಚಳ ತೆಗೆದರು.