ಬೆತುಂಗ್ರಾ ಇಳಿಜಾರಿನ ಸಹಿ

ಗೂಡ್ಸ್ ಗಾಡಿ ಓಡಿಸುವವನಿಗೆ ಇಳಿಜಾರು ಕಣ್ಣಿಗೆ ಕಾಣುವ ಮೊದಲೇ ಗೊತ್ತಿರಬೇಕು. ನಮ್ಮ ಗಾಡಿ ಒಂದು ಕಿಲೋಮೀಟರಿಗಿಂತ ಉದ್ದ. ನಾನು ಗುಡ್ಡದ ನೆತ್ತಿ ದಾಟಿ ಕೆಳಗೆ ಮುಖ ಮಾಡಿದಾಗ ಅದರ ಬಾಲ ಇನ್ನೂ ಆ ಕಡೆ ಏರುತ್ತಿರುತ್ತದೆ. ಇಳಿಜಾರು ಕಂಡ ಮೇಲೆ ಬ್ರೇಕ್ ಹಾಕಿದರೆ ಕೆಲಸ ಕೆಟ್ಟಿತು. ಅದಕ್ಕೇ ಇಲ್ಲಿ ದಾರಿ ಬಾಯಿಪಾಠವಾಗದೆ ಯಾವ ಡ್ರೈವರನ ಕೈಗೂ ಗಾಡಿ ಕೊಡುವುದಿಲ್ಲ. ಹಳೆಯ ಡ್ರೈವರ್ ಒಬ್ಬರ ಜೊತೆ ತಿಂಗಳುಗಟ್ಟಲೆ ಓಡಿಸಬೇಕು. ಕೊನೆಗೆ ಎಕ್ಸಾಮಿನರ್ ಪರೀಕ್ಷೆ ಮಾಡಿ ಒಂದು ಫಾರ್ಮಿಗೆ ಸಹಿ ಹಾಕಬೇಕು. ಸಿಡ್ನಿಯಿಂದ ಮೆಲ್ಬರ್ನ್‌ವರೆಗಿನ ದಾರಿಗೆ ನನಗೆ ಆ ಸಹಿ ಬೇಕಿತ್ತು. ಸಿಗದಿದ್ದರೆ ಯಾರ್ಡಿನಲ್ಲಿ ಎಂಜಿನ್ ತೊಳೆಯುವ ಹಳೆಯ ಕೆಲಸಕ್ಕೆ ವಾಪಸ್.

ನಾನು ಎಸ್ಸೆಸ್ಸೆಲ್ಸಿ ಎರಡು ಸಲ ಫೇಲ್. ಮೂರನೇ ಸಲ ಕಟ್ಟಲಿಲ್ಲ. ಹುಬ್ಬಳ್ಳಿಯಲ್ಲಿ ಲಾರಿ ಕ್ಲೀನರ್ ಆದೆ, ಆಮೇಲೆ ಡ್ರೈವರ್ ಆದೆ. ಅಂಕೋಲಾ ಲೈನು, ಅರಬೈಲ್ ಘಾಟು. ಹೆಂಡತಿ ನರ್ಸಿಂಗ್ ಓದಲು ಆಸ್ಟ್ರೇಲಿಯಾಕ್ಕೆ ಬಂದಳು. ಅವಳ ವೀಸಾದ ಮೇಲೆ ನಾನು ಬಂದೆ. ಅವಳಿಗೆ ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ನನಗೆ ಯಾರ್ಡಿನಲ್ಲಿ ನೀರಿನ ಪೈಪು ಸಿಕ್ಕಿತು. ಎರಡು ವರ್ಷ ಎಂಜಿನ್ ತೊಳೆದೆ. ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಸಿಕ್ಕ ಮೇಲೆ ಡ್ರೈವರ್ ಟ್ರೈನಿಂಗಿಗೆ ಅರ್ಜಿ ಹಾಕಿದೆ. ಡಿಗ್ರಿ ಕೇಳಲಿಲ್ಲ. ಕಣ್ಣು, ಕಿವಿ, ತಾಳ್ಮೆ ನೋಡಿದರು. ತಾಳ್ಮೆಯಲ್ಲಿ ಹೇಗೆ ಪಾಸಾದೆನೋ ನನಗೇ ಗೊತ್ತಿಲ್ಲ.

ನನಗೆ ದಾರಿ ಕಲಿಸಿದವರು ಮೂವತ್ತು ವರ್ಷ ಗಾಡಿ ಓಡಿಸಿದ ಬಿಳಿ ಮುದುಕರೊಬ್ಬರು. ಮಾತು ಕಡಿಮೆ, ಚಹಾ ಜಾಸ್ತಿ. ಮೊದಲ ದಿನ ಸಿಡ್ನಿಯಿಂದ ಜೂನಿ ಎಂಬ ಊರಿನವರೆಗೆ. ಅಲ್ಲಿ ಮಲಗಿ ಮರುದಿನ ಮೆಲ್ಬರ್ನಿಗೆ. ಕ್ಲೀನರ್ ಆಗಿದ್ದಾಗ ಲಾರಿಯ ಎಡಗಡೆ ಕೂತು ದಾರಿಯನ್ನು ಬಾಯಲ್ಲಿ ಹೇಳುವುದು ನನ್ನ ಕೆಲಸವಾಗಿತ್ತು. ಮುಂದೆ ತಿರುವು, ಮುಂದೆ ಹಂಪು, ಎದುರಿಗೆ ಬಸ್ಸು. ಇಲ್ಲೂ ಅದೇ ಅಭ್ಯಾಸ ಮುಂದುವರಿಯಿತು. ಗೌಲ್ಬರ್ನ್ ದಾಟಿದ ಮೇಲೆ ಕಲರಿನ್ ಗುಡ್ಡ, ಹುಲ್ಲೆಲ್ಲ ಒಣಗಿ ಕಂದು ಬಣ್ಣ, ಅಲ್ಲಲ್ಲಿ ಕುರಿ. ನಾನು ಕನ್ನಡದಲ್ಲೇ ಹೇಳುತ್ತಾ ಹೋಗುವೆ: ಎಮ್ಮಿ ಬಂಡೆಗಲ್ಲು ಬಂತು, ಏರು ಚಾಲೂ. ಬೋಳು ಗಿಡ ಬಂತು, ಎಡಕ್ಕ ತಿರುವು.

"ಯಾರ ಜೊತೆ ಮಾತಾಡ್ತಿದೀಯ ಮೇಟ್?" ಎಂದರು ಮುದುಕರು.

"ದಾರಿ ಜೋಡಿ."

"ಅದು ಉತ್ತರ ಕೊಟ್ಟರೆ ನನಗೂ ಹೇಳು."

ಉತ್ತರ ಒಂದು ದಿನ ಸರಿಯಾಗಿಯೇ ಸಿಕ್ಕಿತು. ಕೂಟಮಂಡ್ರಾ ಆದ ಮೇಲೆ ಬೆತುಂಗ್ರಾ ಗುಡ್ಡ. ಸಿಡ್ನಿಗೆ ಏರಿ ಬರುವ ಹಳಿ ಆ ಗುಡ್ಡವನ್ನು ಒಂದು ಸುತ್ತು ಹಾಕಿ ಮೇಲೆ ಬರುತ್ತದೆ. ಏರುವಾಗ ಕಿಟಕಿಯಿಂದ ಬಗ್ಗಿ ನೋಡಿದರೆ, ಸ್ವಲ್ಪ ಹೊತ್ತಿನ ಹಿಂದೆ ನಾವೇ ಬಂದ ಹಳಿ ಕೆಳಗೆ ಕಾಣುತ್ತದೆ. ಮೆಲ್ಬರ್ನ್ ಕಡೆ ಇಳಿಯುವ ಹಳಿಗೆ ಆ ಸುತ್ತು ಇಲ್ಲ, ಸೀದಾ ಕಡಿದಾಗಿ ಇಳಿಯುತ್ತದೆ. ಪ್ಯಾಸೆಂಜರ್ ಗಾಡಿಯಲ್ಲಿ ಕೂತವರು ಇಲ್ಲಿ ಫೋಟೋ ತೆಗೆಯುತ್ತಾರೆ. ಡ್ರೈವರನ ಕಣ್ಣು ವೇಗದ ಮುಳ್ಳಿನ ಮೇಲೆ. ಇಳಿಯುವ ಮೊದಲು ಬ್ರೇಕ್ ಹಾಕಲು ನಾನು ಒಂದು ಗುರುತು ಇಟ್ಟುಕೊಂಡಿದ್ದೆ. ಹಳಿ ಪಕ್ಕದಲ್ಲಿ ಒಂದು ಕಡೆ ವಾಲಿದ ತಗಡಿನ ಶೆಡ್ಡು. ನಾನು ಅದಕ್ಕೆ ಕುಂಟ ಕೊಟ್ಟಿಗೆ ಎನ್ನುತ್ತಿದ್ದೆ. ಅದು ಕಂಡ ಕೂಡಲೇ ಬ್ರೇಕ್.

ಆ ವಾರ ಹಳಿಯ ಕೆಳಗಿನ ಮರದ ಸ್ಲೀಪರ್ ತೆಗೆದು ಕಾಂಕ್ರೀಟ್ ಸ್ಲೀಪರ್ ಹಾಕುವ ಗ್ಯಾಂಗು ಬಂದಿತ್ತು. ಹೋಗುವಾಗ ಶೆಡ್ಡನ್ನೂ ಕಿತ್ತುಕೊಂಡು ಹೋಗಿದ್ದರು. ನಾನು ಕೊಟ್ಟಿಗೆ ಬರಲಿ ಎಂದು ಕಾಯುತ್ತಾ ಕೂತೆ. ಕೊಟ್ಟಿಗೆ ಬರಲಿಲ್ಲ, ಇಳಿಜಾರು ಬಂತು.

"ಬ್ರೇಕ್!" ಎಂದು ಕೂಗಿದ ಮುದುಕರು ನನ್ನ ಮೈಮೇಲಿಂದ ಕೈ ಚಾಚಿ ತಾವೇ ಹಾಕಿದರು. ಗಾಡಿ ಕೇಳಲಿಲ್ಲ. ಹಿಂದಿನ ಭಾರವೆಲ್ಲ ಒಮ್ಮೆಲೇ ಬಂದು ಬೆನ್ನಿಗೆ ಗುದ್ದಿತು. ತಿರುವಿನಲ್ಲಿ ಚಕ್ರಗಳು ಕಿರುಚಿದವು. ಮಿತಿ ಮೀರಿದ ವೇಗದಲ್ಲೇ ಅರ್ಧ ಗುಡ್ಡ ಇಳಿದು, ಆಮೇಲೆ ಹಿಡಿತಕ್ಕೆ ಬಂತು. ಯಾರಿಗೂ ಏನೂ ಆಗಲಿಲ್ಲ. ಜೂನಿಯಲ್ಲಿ ಇಳಿದು ನಾನು ಶೆಡ್ಡಿನ ವಿಷಯ ಹೇಳಿದೆ. ಮುದುಕರು ಹೇಳಿದರು.

"ಕೊಟ್ಟಿಗೆ ನೋಡಿಕೊಂಡು ಓಡಿಸಬೇಡ. ಅದು ಯಾರದೋ ಸ್ವತ್ತು, ಯಾವಾಗ ಬೇಕಾದರೂ ಒಯ್ತಾರೆ. ಗುಡ್ಡ ಯಾರೂ ಒಯ್ಯಲ್ಲ."

ಲಾರಿ ಬುದ್ಧಿ ಇಲ್ಲಿ ನಡೆಯುವುದಿಲ್ಲ ಎಂದು ಅವತ್ತು ಗೊತ್ತಾಯಿತು. ಲಾರಿ ನಾಲ್ಕು ಮಾರಿನಲ್ಲಿ ನಿಲ್ಲುತ್ತದೆ, ಗುರುತು ತಪ್ಪಿದರೂ ಬದುಕಬಹುದು. ಗಿಡ, ಬಂಡೆ ಎಲ್ಲ ಬಿಟ್ಟೆ. ಕಿಲೋಮೀಟರ್ ಬೋರ್ಡು ಕಲಿತೆ. ಕೂತ ಸೀಟಿನಲ್ಲಿ ಗಾಡಿ ಎಲ್ಲಿ ಎಳೆಯುತ್ತದೆ, ಎಲ್ಲಿ ದೂಡುತ್ತದೆ ಎಂದು ಬೆನ್ನಿನಿಂದ ಕಲಿತೆ. ಮತ್ತೆ ನಾಲ್ಕು ತಿಂಗಳು ಹಿಡಿಯಿತು.

ಆಮೇಲೆ ಪರೀಕ್ಷೆ. ಕಿಟಕಿ ಇಲ್ಲದ ಒಂದು ಕೋಣೆ, ಮೂರು ತಾಸು, ಖಾಲಿ ಹಾಳೆ. ಇಡೀ ದಾರಿ ನೆನಪಿನಿಂದ ಬರೆಯಬೇಕು: ಏರು, ಇಳಿಜಾರು, ಸಿಗ್ನಲ್ಲು, ಸ್ಟೇಷನ್ನು, ವೇಗ. ನನಗೆ ಎಲ್ಲ ಗೊತ್ತಿತ್ತು. ಆದರೆ ಕೂಟಮಂಡ್ರಾ, ಮರಂಬಿಜಿ, ವಾಂಗರಟ್ಟಾ ಎಂದು ಇಂಗ್ಲಿಷಿನಲ್ಲಿ ಅಕ್ಷರ ಜೋಡಿಸುತ್ತಾ ಕೂತರೆ ದಾರಿ ತಲೆಯಿಂದ ಜಾರುತ್ತದೆ. ಅದಕ್ಕೆ ಮೊದಲು ಕನ್ನಡದಲ್ಲಿ ಬರೆದುಬಿಟ್ಟೆ, ಆಮೇಲೆ ಇಂಗ್ಲಿಷಿಗೆ ಇಳಿಸೋಣ ಎಂದು. ಆಮೇಲೆ ಎನ್ನುವುದರೊಳಗೆ ಹೊತ್ತು ಮುಗಿಯಿತು.

ಎಕ್ಸಾಮಿನರ್ ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಇದನ್ನ ನಾನು ಹೇಗೆ ಓದಲಿ?"

"ನೀವ್ ಓದಬ್ಯಾಡ್ರಿ. ಕೇಳ್ರಿ, ನಾ ಹೇಳ್ತೀನಿ."

"ಇದು ಬರೆಯೋ ಪರೀಕ್ಷೆ. ಫೇಲ್. ಎರಡು ವಾರ ಬಿಟ್ಟು ಇನ್ನೊಂದೇ ಚಾನ್ಸ್ ಇದೆ."

ಆ ಭಾನುವಾರ ಕನ್ನಡದವರೊಬ್ಬರ ಮನೆಯಲ್ಲಿ ಪೂಜೆ, ಊಟ. ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಬೆಂಗಳೂರಿನ ಅಂಕಲ್ ಒಬ್ಬರು ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದರು. ವಿಷಯ ಅವರ ಕಿವಿಗೆ ಆಗಲೇ ಬಿದ್ದಿತ್ತು.

"ಅಯ್ಯೋ, ಅದೆಷ್ಟು ದೊಡ್ಡ ವಿಷ್ಯ? ನಾನೇ ನೀಟಾಗಿ ಟೈಪ್ ಮಾಡಿ ಕೊಡ್ತೀನಿ. ಚಿಕ್ಕದಾಗಿ ಪ್ರಿಂಟ್ ಹಾಕ್ಸಿ ಜೇಬಲ್ಲಿಟ್ಕೊಂಡು ಹೋಗು. ಯಾರ್ ಚೆಕ್ ಮಾಡ್ತಾರೆ?"

"ಚೀಟಿ ಇಟ್ಟು ಪಾಸಾಗೋದಿದ್ರ ಹುಬ್ಬಳ್ಳ್ಯಾಗ ಆಗ್ತಿದ್ನಿ ಅಂಕಲ್."

"ಹೆಲ್ಪ್ ಮಾಡೋಕೆ ಬಂದ್ರೆ ಹಿಂಗಾ? ಅಲ್ಲಪ್ಪ, ಟ್ರೈನ್ ಓಡ್ಸಕ್ಕೆ ಆಸ್ಟ್ರೇಲಿಯಾವರ್ಗೂ ಬರ್ಬೇಕಿತ್ತಾ?"

"ನಿಮ್ಮನಿ ಫ್ರಿಜ್ಜು, ಸೋಫಾ ಮೆಲ್ಬರ್ನ್‌ನಿಂದ ತಾವ ನಡ್ಕೋತ ಬಂದಾವೇನ್ರಿ?"

ಸುತ್ತ ನಿಂತವರು ನಕ್ಕರು. ಅಂಕಲ್ ಪಾಯಸದ ಕಡೆ ಹೋದರು. ಕಾರಿನಲ್ಲಿ ಹೆಂಡತಿ ನನ್ನನ್ನು ಬಿಡಲಿಲ್ಲ.

"ಮಂದಿಗೆ ಉತ್ತರ ಕೊಡಾಕ ಶಾಣ್ಯಾ ಅದೀರಿ. ನಾ ಔಷಧದ ಹೆಸರು ತಪ್ಪು ಬರದ್ರ ಮನಶ್ಯಾ ಸಾಯ್ತಾನ. ನಾ ಕಲ್ತಿಲ್ಲೇನು? ನೀವೂ ಕಲೀರಿ."

"ಎರಡು ವಾರದಾಗ?"

"ಎರಡು ವಾರದಾಗ ಆಗಂಗಿಲ್ಲ. ಆದ್ರ ಕಲೀರಿ."

ಮನೆಗೆ ಹೋಗಿ ರೂಲ್ ಬುಕ್ ಕೇಳಿದಳು. ನಾನು ಅದನ್ನು ಚಿತ್ರ ನೋಡುವಷ್ಟು ಮಾತ್ರ ಓದಿದ್ದೆ. ಅವಳು ಡೈನಿಂಗ್ ಟೇಬಲ್ಲಿನ ಮೇಲೆ ಇಟ್ಟುಕೊಂಡು ಒಂದೊಂದೇ ಸಾಲು ಓದಿದಳು. ಒಂದು ಕಡೆ ಬೆರಳಿಟ್ಟಳು.

"ಇಲ್ಲಿ ನೋಡ್ರಿ. ದಾರಿ ಗೊತ್ತದ ಅಂತ ಎಕ್ಸಾಮಿನರ್‌ಗ ತೋರಿಸ್ಬೇಕು ಅಂತದ. ಬರೀಬೇಕು ಅಂತ ಎಲ್ಲೂ ಇಲ್ಲ."

ಮರುದಿನ ಆ ಪುಟ ಹಿಡಿದುಕೊಂಡು ಎಕ್ಸಾಮಿನರ್ ಕೋಣೆಗೆ ಹೋದೆ. ಮುದುಕರೂ ಬಂದರು, ಚಹಾದ ಕಪ್ ಸಮೇತ. ಎಕ್ಸಾಮಿನರ್ ಓದಿದ. ಮತ್ತೊಮ್ಮೆ ಓದಿದ.

"ಯಾವಾಗಲೂ ಬರೆಸೋದೇ ನಮ್ಮ ಪದ್ಧತಿ."

"ಪದ್ಧತಿ ಬ್ಯಾರೆ, ರೂಲ್ ಬ್ಯಾರೆ. ಎಂಜಿನ್‌ನ್ಯಾಗ ಬರ್ರಿ. ಎರಡೂ ದಿನ ಕೂಡ್ರಿ. ಪ್ರತಿಯೊಂದನ್ನ ಅದು ಬರೋ ಮೊದಲ ಹೇಳ್ತೀನಿ."

"ಒಂದು ತಪ್ಪಿದರೂ ಮುಗೀತು. ಮತ್ತೆ ಚಾನ್ಸ್ ಇಲ್ಲ. ಒಪ್ಪಿಗೆಯಾ?"

"ಒಪ್ಪಿಗಿ."

ಎರಡು ವಾರದ ನಂತರ ಮೂವರೂ ಹೊರಟೆವು. ನಾನು ಹರಕು ಇಂಗ್ಲಿಷಿನಲ್ಲೇ ಒಂದೊಂದಾಗಿ ಹೇಳುತ್ತಾ ಹೋದೆ, ಎಕ್ಸಾಮಿನರ್ ಟಿಕ್ ಹಾಕುತ್ತಾ ಹೋದ. ಪಿಕ್ಟನ್, ಮಾಸ್ ವೇಲ್, ಗೌಲ್ಬರ್ನ್, ಕಲರಿನ್. ಕೂಟಮಂಡ್ರಾದವರೆಗೆ ಒಂದೂ ತಪ್ಪಲಿಲ್ಲ.

ಅವತ್ತು ಗಾಡಿಗೆ ಉಕ್ಕಿನ ಸುರುಳಿಗಳ ವ್ಯಾಗನ್ ಜಾಸ್ತಿ ಹಾಕಿದ್ದರು. ಬೆನ್ನಿಗೆ ಗೊತ್ತಾಗುತ್ತಿತ್ತು. ಬೆತುಂಗ್ರಾದಲ್ಲಿ ದಿನದ ಜಾಗಕ್ಕಿಂತ ಮೊದಲೇ ಬ್ರೇಕ್ ಹಾಕಿದೆ. ಗಾಡಿ ನಿಧಾನವಾಗಿ ನೆತ್ತಿಗೆ ಬಂತು.

"ಇಷ್ಟು ಬೇಗ ಯಾಕೆ? ಸ್ವಲ್ಪ ಬಿಡು. ಹಿಂದೆ ಪ್ಯಾಸೆಂಜರ್ ಗಾಡಿ ಕಾಯ್ತಿದೆ" ಎಂದ ಎಕ್ಸಾಮಿನರ್.

"ಬಿಡಂಗಿಲ್ಲ."

"ನಾನು ಹೇಳ್ತಿದೀನಿ."

"ನೀವು ಹೇಳ್ರಿ. ಹ್ಯಾಂಡಲ್ ನನ್ನ ಕೈಯಾಗದ. ಸಹಿ ಹಾಕೂದಿಲ್ಲಂದ್ರ ಹಾಕಬ್ಯಾಡ್ರಿ, ಬ್ರೇಕ್ ಮಾತ್ರ ಬಿಡಂಗಿಲ್ಲ."

ಅವನು ಮುದುಕರ ಮುಖ ನೋಡಿದ. ಮುದುಕರು ಕಿಟಕಿಯ ಹೊರಗೆ ನೋಡುತ್ತಿದ್ದರು. ಗಾಡಿ ಇಳಿಯತೊಡಗಿತು. ಅಷ್ಟು ಮೊದಲೇ ಹಾಕಿದ್ದರೂ ವೇಗದ ಮುಳ್ಳು ಏರಿತು, ಏರಿತು, ಮಿತಿಯ ಗೆರೆಗೆ ಬಂದು ನಿಂತಿತು. ಒಂದು ಕೂದಲೂ ಆಚೆ ಹೋಗಲಿಲ್ಲ. ಬುಡ ಮುಟ್ಟುವವರೆಗೆ ಅಲ್ಲೇ ಇತ್ತು.

ಮರುದಿನ ಆಲ್ಬರಿ, ಮರ್ರೆ ನದಿಯ ಸೇತುವೆ. ನದಿಯ ಆಚೆ ವಿಕ್ಟೋರಿಯಾ, ಬೇರೆ ರಾಜ್ಯ. ಅಲ್ಲಿಂದ ಸಿಗ್ನಲ್ಲಿನ ದೀಪಗಳ ಅರ್ಥವೂ ಬೇರೆ. ಸೇತುವೆಯ ಮೇಲೆಯೇ ತಲೆ ಬದಲಾಯಿಸಿಕೊಳ್ಳಬೇಕು. ಬದಲಾಯಿಸಿಕೊಂಡೆ. ಎಕ್ಸಾಮಿನರ್ ಬೇಕೆಂದೇ ಎರಡು ಸಲ ಸಿಡ್ನಿ ಕಡೆಯ ಹೆಸರಿನಿಂದ ಸಿಗ್ನಲ್ ಕೇಳಿದ. ಎರಡು ಸಲವೂ ನಾನೇ ಅವನನ್ನು ತಿದ್ದಿದೆ. ಸೀಮೋರ್ ಆದ ಮೇಲೆ ಕಾಡಿನ ನಡುವೆ ಕೊನೆಯ ಏರು, ಇಳಿದರೆ ಮೆಲ್ಬರ್ನ್.

ಯಾರ್ಡಿನಲ್ಲಿ ಗಾಡಿ ನಿಲ್ಲಿಸಿದ ಮೇಲೆ ಎಕ್ಸಾಮಿನರ್ ಫಾರ್ಮ್ ತುಂಬಿ ಸಹಿ ಹಾಕಿ ನನ್ನ ಮುಂದೆ ಇಟ್ಟ. ಪಾಸ್. ಕೆಳಗೆ ನನ್ನ ಸಹಿಗೆ ಜಾಗ. ಅದರ ಮೇಲೆ ಷರಾ ಎಂದು ಒಂದು ಸಾಲು ಬರೆದಿತ್ತು.

"ಇಲ್ಲೇನ ಬರದೀರಿ?"

"ಸಣ್ಣ ಮಾತು. ಹೇಳಿದ ಸೂಚನೆ ಪಾಲಿಸೋಕೆ ಹಿಂದೆಮುಂದೆ ನೋಡ್ತಾನೆ ಅಂತ. ಪಾಸಾಗಿದೀಯ, ಸಹಿ ಹಾಕು."

ಪೆನ್ನು ಕೈಯಲ್ಲೇ ಇತ್ತು. ಒಂದು ಗೀಚು ಗೀಚಿದರೆ ವಾರದಲ್ಲಿ ಗಾಡಿ ನನ್ನದು. ಆದರೆ ನಾಳೆ ಎಲ್ಲೋ ಏನೋ ಆದರೆ ಈ ಹಾಳೆ ತೆಗೆಯುತ್ತಾರೆ, ಈ ಸಾಲು ಓದುತ್ತಾರೆ. ಪೆನ್ನು ಕೆಳಗಿಟ್ಟೆ.

"ಹಾಕಂಗಿಲ್ಲ."

"ಹಾಕದಿದ್ದರೆ ಪಾಸಾಗಲ್ಲ, ಗೊತ್ತಾ?"

"ಗೊತ್ತದ. ಎಂಜಿನ್‌ನ್ಯಾಗ ವೇಗ ದಾಖಲು ಮಾಡೋ ಪೆಟ್ಟಿಗಿ ಅದ. ನಿನ್ನಿದು ತಗೀರಿ. ನಾ ಬ್ರೇಕ್ ಬಿಟ್ಟಿದ್ರ ಮುಳ್ಳು ಎಲ್ಲಿರ್ತಿತ್ತು ನೀವ ಹೇಳ್ರಿ. ಗೆರಿ ದಾಟ್ತಿದ್ದಿಲ್ಲ ಅಂತ ಬರದು ಕೊಡ್ರಿ, ನಾ ಸಹಿ ಹಾಕಿ ನಾಳೆಯಿಂದ ಎಂಜಿನ್ ತೊಳೀತೀನಿ."

ಅವನ ಕಿವಿ ಕೆಂಪಾಯಿತು. ಮುದುಕರು ಕಪ್ ಕೆಳಗಿಟ್ಟರು.

"ಅವನು ಬಿಟ್ಟಿದ್ದರೆ ನಾನೇ ಅವನನ್ನ ಫೇಲ್ ಮಾಡಿಸ್ತಿದ್ದೆ" ಎಂದರು. ಅಷ್ಟೇ.

ಎಕ್ಸಾಮಿನರ್ ಫಾರ್ಮನ್ನು ವಾಪಸ್ ಎಳೆದುಕೊಂಡ. ಆಮೇಲೆ ಆ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಇನ್ನೊಂದು ಸಾಲು ಬರೆದು, ಹಾಳೆಯನ್ನು ನನ್ನ ಕಡೆ ತಳ್ಳಿದ. ಓದಿ ಹೇಳಲಾ ಎಂದು ಕೇಳಿದ. ಬೇಡ ಎಂದೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ನಾನೇ ಓದಿದೆ. ಹೊತ್ತು ಹಿಡಿಯಿತು, ಇಬ್ಬರೂ ಕಾದರು. ಭಾರ ಹೆಚ್ಚಿತ್ತು, ಡ್ರೈವರನ ತೀರ್ಮಾನ ಸರಿ ಇತ್ತು ಎಂದು ಬರೆದಿದ್ದ.

ಸಹಿ ಹಾಕಿದೆ.